ಲಿನೊ ಕೆತ್ತುವುದೋ, ಸ್ಕ್ರೀನ್ ಎಳೆಯುವುದೋ? ವರ್ಣಭೇದ ವಿರೋಧಿ ಪೋಸ್ಟರುಗಳ ಹಿಂದಿನ ಕೈಕೆಲಸ

ಪ್ರಶ್ನೆ: ನಾನು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಬಂದ ಲಿನೊಕಟ್ ಮತ್ತು ಪೋಸ್ಟರುಗಳನ್ನು ಮಕ್ಕಳಿಗೆ ತೋರಿಸಿ, ಅದೇ ವಿಧಾನದಲ್ಲಿ 9 ಮತ್ತು 10ನೇ ತರಗತಿಯ 30 ಮಕ್ಕಳಿಗೆ ಎರಡು ದಿನದ ಕಾರ್ಯಾಗಾರ ನಡೆಸಬೇಕೆಂದಿದ್ದೇನೆ. ಆ ಚಿತ್ರಗಳೆಲ್ಲ ಯಾಕೆ ಅಷ್ಟು ಒರಟಾಗಿ, ಬರೀ ಕಪ್ಪು ಬಿಳುಪಿನಲ್ಲಿವೆ? ನಮಗೆ ಲಿನೊ ಸರಿಯೋ, ಸ್ಕ್ರೀನ್ ಪ್ರಿಂಟಿಂಗ್ ಸರಿಯೋ? ನಮ್ಮಲ್ಲಿ ಪ್ರೆಸ್ ಇಲ್ಲ.

ಉತ್ತರ: ಎರಡೂ ಮಾಡಿಸಿ. ಮೊದಲ ದಿನ ಲಿನೊ, ಅಂದರೆ ಲಿನೊಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ, ಇಂಕು ಹಚ್ಚಿ ಅಚ್ಚು ತೆಗೆಯುವುದು. ಎರಡನೇ ದಿನ ಕಾಗದದ ಸ್ಟೆನ್ಸಿಲ್ ಇಟ್ಟು ಸ್ಕ್ರೀನ್, ಅಂದರೆ ಫ್ರೇಮಿಗೆ ಬಿಗಿದ ಬಲೆಬಟ್ಟೆಯ ಮೂಲಕ ಇಂಕು ಎಳೆಯುವುದು. ಎರಡಕ್ಕೂ ಪ್ರೆಸ್ ಬೇಡ, ಕರೆಂಟೂ ಬೇಡ. ದಕ್ಷಿಣ ಆಫ್ರಿಕಾದಲ್ಲಿ ಇವೆರಡನ್ನೂ ಒಂದೇ ಕೆಲಸಕ್ಕೆ ಬಳಸಲಿಲ್ಲ ಎನ್ನುವುದು ಮಕ್ಕಳಿಗೆ ಕೈಯಿಂದಲೇ ಗೊತ್ತಾಗಲಿ. ಲಿನೊದಲ್ಲಿ ಒಬ್ಬ ಮನುಷ್ಯ ಕೂತು ತನ್ನ ಮಾತನ್ನು ಕೆತ್ತುತ್ತಾನೆ. ಸ್ಕ್ರೀನಿನಲ್ಲಿ ನಾಲ್ಕು ಜನ ಸೇರಿ ನಾಳೆ ಬೆಳಗಿನ ಸಭೆಗೆ ಇನ್ನೂರು ಪ್ರತಿ ತೆಗೆಯುತ್ತಾರೆ.

‘ಒರಟು’ ಅಂದಿರಲ್ಲ, ಅದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಪ್ರದರ್ಶನಗಳ ಗೋಡೆಬರಹದಲ್ಲಿ ‘ಆಕ್ರೋಶದ ಒರಟು ಗೆರೆಗಳು’ ಎಂದು ಬರೆಯುವುದು ರೂಢಿ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಲಿನೊ ಮೇಲೆ ಬೂದು ಬಣ್ಣ ಇಲ್ಲ. ಉಳಿದ ಜಾಗ ಇಂಕು ಹಿಡಿಯುತ್ತದೆ, ಕೆತ್ತಿದ ಜಾಗ ಹಿಡಿಯುವುದಿಲ್ಲ, ಅಷ್ಟೆ. ಬೂದು ಬೇಕಿದ್ದರೆ ಗೆರೆಗಳನ್ನು ಹತ್ತಿರ ಹತ್ತಿರ ಎಳೆದು ಕಣ್ಣನ್ನು ನಂಬಿಸಬೇಕು. ಕೈಯಿಂದ ಕತ್ತರಿಸಿದ ಸ್ಟೆನ್ಸಿಲ್ಲಿಗೂ ಇದೇ ಮಿತಿ. ಚಿತ್ರದ ರೂಪವನ್ನು ಸಿಟ್ಟಿಗಿಂತ ಮೊದಲು ನಿರ್ಧರಿಸಿದ್ದು ಸಾಮಾನು, ಸಮಯ ಮತ್ತು ಪೊಲೀಸರು.

ಒರಟು ಎನ್ನುವ ಮಾತು ಎಷ್ಟು ತಪ್ಪಬಹುದು ಎಂದು ತೋರಿಸಲು ದಕ್ಷಿಣ ಆಫ್ರಿಕಾ ಬಿಟ್ಟು ಒಂದೇ ಒಂದು ಚಿತ್ರ ನೋಡೋಣ: ಎಲಿಜಬೆತ್ ಕ್ಯಾಟ್ಲೆಟ್ 1952ರಲ್ಲಿ ಕೆತ್ತಿದ ‘ಶೇರ್‌ಕ್ರಾಪರ್’. ಕ್ಯಾಟ್ಲೆಟ್ ಅಮೆರಿಕದ ಕಪ್ಪು ಕಲಾವಿದೆ. 1946ರಲ್ಲಿ ಮೆಕ್ಸಿಕೊಗೆ ಹೋಗಿ, 1937ರಲ್ಲಿ ಶುರುವಾಗಿದ್ದ ಜನಪರ ಮುದ್ರಣ ಕೂಟ ‘ತಾಯೆರ್ ದೆ ಗ್ರಾಫಿಕಾ ಪೊಪುಲಾರ್’ ಸೇರಿದರು. ಅಲ್ಲಿ ಲಿನೊ ಬಳಸುತ್ತಿದ್ದುದು ಅಗ್ಗ ಎಂದು, ಮತ್ತು ಬೇಗ ಕೆತ್ತಬಹುದು ಎಂದು. ಚಿತ್ರದಲ್ಲಿ ಬೇರೆಯವರ ಹೊಲವನ್ನು ಪಾಲಿಗೆ ಬೇಸಾಯ ಮಾಡುವ ವಯಸ್ಸಾದ ಹೆಂಗಸು, ತಲೆಗೆ ಹುಲ್ಲಿನ ಟೋಪಿ. ನಾವು ಅವಳನ್ನು ಕೆಳಗಿನಿಂದ ನೋಡುತ್ತೇವೆ. ಟೋಪಿಯ ಹುಲ್ಲಿಗೆ ವಿ ಆಕಾರದ ಸಣ್ಣ ಉಳಿಯ ಒತ್ತೊತ್ತು ಗೆರೆಗಳು, ಕೆನ್ನೆಯ ಮೇಲೆ ಮೂಳೆ ತಿರುಗಿದತ್ತ ತಿರುಗುವ ಗೆರೆಗಳು, ಬಟ್ಟೆಗೆ ಬೇರೆಯೇ ಬೀಸು. ಜಾಕೆಟ್ಟಿಗೆ ಗುಂಡಿಯಿಲ್ಲ, ಕತ್ತಿನ ಕೆಳಗೆ ಒಂದು ಸೇಫ್ಟಿ ಪಿನ್ ಚುಚ್ಚಿದೆ. ಬಡತನವನ್ನು ಹೇಳುವ ವಿವರ ಆ ಚಿತ್ರದಲ್ಲಿ ಅದೊಂದೇ, ಸಾಕು. ಈ ಕೆತ್ತನೆಯಲ್ಲಿ ಅಡ್ಡಾದಿಡ್ಡಿ ಹೋದ ಗೆರೆ ಒಂದಿಲ್ಲ. ಮಕ್ಕಳಿಗೆ ಮೊದಲು ತೋರಿಸಬೇಕಾದ್ದು ಇದು. ಎತ್ತಿದ ಮುಷ್ಟಿಯನ್ನು ಮೊದಲೇ ತೋರಿಸಿದರೆ ಮೂವತ್ತು ಮುಷ್ಟಿಗಳೇ ತಯಾರಾಗುತ್ತವೆ.

ಈಗ ದಕ್ಷಿಣ ಆಫ್ರಿಕಾ. 1962ರಲ್ಲಿ ಸ್ವೀಡನ್ನಿನ ಪೇಡರ್ ಮತ್ತು ಉಲ್ಲಾ ಗೋವೇನಿಯಸ್ ದಂಪತಿ ಲೂಥರನ್ ಚರ್ಚಿನ ಆಶ್ರಯದಲ್ಲಿ ಒಂದು ಕಲಾಕೇಂದ್ರ ಶುರುಮಾಡಿದರು. ಮರುವರ್ಷ ಅದು ರೋರ್ಕ್ಸ್ ಡ್ರಿಫ್ಟ್ ಎಂಬ ಹಳ್ಳಿಗೆ ಬಂತು. ಕಪ್ಪು ವಿದ್ಯಾರ್ಥಿಗಳಿಗೆ ಕಲೆ ಕಲಿಯಲು ತೆರೆದಿದ್ದ ಬಾಗಿಲುಗಳೇ ಬೆರಳೆಣಿಕೆಯಷ್ಟಿದ್ದ ಕಾಲ ಅದು. ಲಿನೊ ಅಲ್ಲಿ ಬೇರು ಬಿಟ್ಟಿತು. ಅಲ್ಲಿನ ಕಲಾವಿದ ಅಜಾರಿಯಾ ಮ್ಬಾಥಾ ಬೈಬಲ್ಲಿನ ಕಥೆಗಳನ್ನು ಕಪ್ಪು ಜನರ ಮುಖಗಳಲ್ಲಿ, ಚೌಕ ಚೌಕವಾಗಿ ಜೋಡಿಸಿ ಕೆತ್ತಿದರು. ದಾವೀದ ಗೊಲಿಯಾತನನ್ನು ಹೊಡೆದುರುಳಿಸುವ ಚಿತ್ರಕ್ಕೆ ಚರ್ಚಿನ ಗೋಡೆಯ ಮೇಲೆ ಅಡ್ಡಿಯಿರಲಿಲ್ಲ. ಆದರೆ ನೋಡುವವನಿಗೆ ಗೊಲಿಯಾತ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಅದೇ ಕೇಂದ್ರದಲ್ಲಿ ಕಲಿತ ನಮೀಬಿಯಾದ ಜಾನ್ ಮುವಾಫಂಗೇಜೊ (1943–1987) ಚಿತ್ರದೊಳಗೇ ಇಂಗ್ಲಿಷ್ ವಾಕ್ಯಗಳನ್ನು ಕೆತ್ತುತ್ತಿದ್ದರು. 1984ರ ಅವರ ಪ್ರಸಿದ್ಧ ಲಿನೊದಲ್ಲಿ ಇಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದಾರೆ, ಜೊತೆಗೆ ‘ಈಗಿನ ಕಷ್ಟಗಳ ನಡುವೆಯೂ ಭರವಸೆ’ ಎಂಬರ್ಥದ ಮಾತು. ಘೋಷಣೆ ಇಲ್ಲ, ಬಾವುಟ ಇಲ್ಲ.

ಬೀದಿಗೆ ಬಂದ ಪೋಸ್ಟರಿನ ಕಥೆ ಬೇರೆ. 1970ರ ದಶಕದ ಕೊನೆಗೆ, ಗಡಿಯಾಚೆ ಬೋಟ್ಸ್ವಾನಾದ ಗಾಬೊರೋನ್‌ನಲ್ಲಿ ದೇಶಭ್ರಷ್ಟರು ಮತ್ತು ಅವರ ಸ್ನೇಹಿತರು ಸೇರಿ ಮೇಡು ಆರ್ಟ್ ಎನ್ಸೆಂಬಲ್ ಕಟ್ಟಿದರು. ಅಲ್ಲಿ ಅಚ್ಚಾದ ಪೋಸ್ಟರುಗಳನ್ನು ಗುಟ್ಟಾಗಿ ದೇಶದೊಳಕ್ಕೆ ಸಾಗಿಸುತ್ತಿದ್ದರು. 1956ರ ಆಗಸ್ಟ್ 9ರಂದು ಪಾಸ್ ಕಾನೂನುಗಳ (ಕಪ್ಪು ಜನರು ಓಡಾಡಲು ಗುರುತಿನ ಪುಸ್ತಕ ಹೊತ್ತಿರಬೇಕೆಂಬ ಕಾನೂನುಗಳು) ವಿರುದ್ಧ ಸುಮಾರು 20,000 ಹೆಂಗಸರು ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್‌ಗೆ ಮೆರವಣಿಗೆ ಹೋಗಿದ್ದರಲ್ಲ, ಅದರ 25ನೇ ವರ್ಷಕ್ಕೆ ಜೂಡಿ ಸೀಡ್‌ಮನ್ ಮಾಡಿದ ‘ಹೆಂಗಸರನ್ನು ಮುಟ್ಟಿದಿರಿ, ಬಂಡೆಗೆ ಬಡಿದಿರಿ’ ಎಂಬರ್ಥದ ಪೋಸ್ಟರ್ ಈ ಗುಂಪಿನದೇ. 1982ರಲ್ಲಿ ಗಾಬೊರೋನ್‌ನಲ್ಲಿ ಅವರು ನಡೆಸಿದ ‘ಸಂಸ್ಕೃತಿ ಮತ್ತು ಪ್ರತಿರೋಧ’ ಸಮಾವೇಶದಿಂದ ವಾಪಸಾದವರು ಕೆಲಸವನ್ನು ದೇಶದೊಳಗೇ ಕಲಿಸಲು ಹೊರಟರು. ಕೇಪ್‌ಟೌನಿನ ಕಮ್ಯೂನಿಟಿ ಆರ್ಟ್ಸ್ ಪ್ರಾಜೆಕ್ಟಿನಲ್ಲಿ ಪೋಸ್ಟರ್ ಕಾರ್ಯಾಗಾರ, 1983ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸ್ಕ್ರೀನ್ ಟ್ರೇನಿಂಗ್ ಪ್ರಾಜೆಕ್ಟ್. ಕಾರ್ಮಿಕ ಸಂಘಗಳು, ಮಹಿಳಾ ಸಂಘಗಳು, ಬಾಡಿಗೆ ಹೋರಾಟದ ಬಡಾವಣೆ ಸಮಿತಿಗಳು ತಮ್ಮ ಪೋಸ್ಟರನ್ನು ತಾವೇ ಎಳೆದುಕೊಂಡು ಹೋಗುವ ವ್ಯವಸ್ಥೆ ಇದು. ಎಷ್ಟೋ ಪೋಸ್ಟರುಗಳ ಮೇಲೆ ಕಲಾವಿದರ ಸಹಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಹೆಸರು ಸಿಕ್ಕಿದರೆ ಬಂಧನ. 1985ರ ಜೂನ್ 14ರ ನಸುಕಿನಲ್ಲಿ ದಕ್ಷಿಣ ಆಫ್ರಿಕಾದ ಸೇನೆ ಗಾಬೊರೋನ್ ಮೇಲೆ ದಾಳಿ ಮಾಡಿ 12 ಜನರನ್ನು ಕೊಂದಿತು. ರೋರ್ಕ್ಸ್ ಡ್ರಿಫ್ಟಿನಲ್ಲೂ ಕಲಿತಿದ್ದ, ಮೇಡುವಿನ ಮುಖ್ಯ ಚಿತ್ರಕಾರ ಥಾಮಿ ಎಂನ್ಯೆಲೆ ಅವರಲ್ಲಿ ಒಬ್ಬರು. ಮೇಡು ಅಲ್ಲಿಗೆ ಮುಗಿಯಿತು. ದೇಶದೊಳಗಿನ ಕಾರ್ಯಾಗಾರಗಳು ತುರ್ತು ಪರಿಸ್ಥಿತಿಯಲ್ಲೂ ಕೆಲಸ ಮುಂದುವರಿಸಿದವು.

ಭಾರತದ ಮಕ್ಕಳಿಗೆ ಹೇಳಬಹುದಾದ ನಿಜವಾದ ನಂಟು ಒಂದಿದೆ. ದಕ್ಷಿಣ ಆಫ್ರಿಕಾದ 1983ರ ಹೊಸ ಸಂವಿಧಾನ ಭಾರತೀಯ ಮೂಲದವರಿಗೆ ಮತ್ತು ಮಿಶ್ರಜನಾಂಗದವರಿಗೆ ಪ್ರತ್ಯೇಕ ಸದನ ಕೊಟ್ಟು, ಬಹುಸಂಖ್ಯಾತ ಕಪ್ಪು ಜನರನ್ನು ಹೊರಗೇ ಇಟ್ಟಿತು. 1984ರ ಆ ಚುನಾವಣೆಗೆ ‘ಮತ ಹಾಕಬೇಡಿ’ ಎಂದು ಪ್ರಚಾರ ಮಾಡಿದವರಲ್ಲಿ ನೇಟಾಲ್ ಮತ್ತು ಟ್ರಾನ್ಸ್‌ವಾಲ್ ಇಂಡಿಯನ್ ಕಾಂಗ್ರೆಸ್ಸುಗಳು ಮುಂದಿದ್ದವು. ನೇಟಾಲ್ ಕಾಂಗ್ರೆಸ್ಸು 1894ರಲ್ಲಿ ಗಾಂಧೀಜಿ ಕಟ್ಟಿದ್ದು.

ಕೆಲಸಕ್ಕೆ ಬರೋಣ.

ಮೊದಲ ಎಡವಟ್ಟು ಅಂಗಡಿಯಲ್ಲೇ ಆಗುತ್ತದೆ. ನೆಲಹಾಸಿನ ಅಂಗಡಿಯಲ್ಲಿ ಲಿನೊಲಿಯಂ ಕೇಳಿದರೆ ಕೊಡುವುದು ಪಿವಿಸಿ. ಅದು ಎಳೆದಂತೆ ಎಳೆಯುತ್ತದೆ, ಉಳಿ ಜಾರುತ್ತದೆ, ಇಂಕು ಸಮನಾಗಿ ಕೂರುವುದಿಲ್ಲ. ನಿಜವಾದ ಲಿನೊ ಎಂದರೆ ಅಗಸೆ ಎಣ್ಣೆ, ಕಾರ್ಕ್ ಮತ್ತು ಮರದ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ ಹಾಳೆ. ಹಿಂದೆ ಸೆಣಬು ಕಾಣಬೇಕು, ಮೂಗಿಗೆ ಅಗಸೆ ಎಣ್ಣೆಯ ವಾಸನೆ ಬರಬೇಕು. ಕಲಾ ಸಾಮಗ್ರಿಯ ಅಂಗಡಿಯಲ್ಲಿ ಸುಮಾರು 3 ಮಿ.ಮೀ. ದಪ್ಪದ್ದನ್ನು ಕೇಳಿ. ಎರಡು ಬೆರಳಲ್ಲಿ ತುದಿಯನ್ನು ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ ಹಳೆಯ ಸರಕು, ಎಣ್ಣೆ ಒಣಗಿ ಕಲ್ಲಾಗಿದೆ ಎಂದರ್ಥ. ಸ್ವಲ್ಪ ಗಟ್ಟಿಯಿದ್ದರೆ ಹತ್ತು ನಿಮಿಷ ಬಿಸಿಲಿಗೆ ಇಟ್ಟರೆ ಮೆತ್ತಗಾಗುತ್ತದೆ.

ಮಗುವಿಗೊಂದು 15×20 ಸೆಂ.ಮೀ. ತುಂಡು ಸಾಕು. ಇದಕ್ಕಿಂತ ದೊಡ್ಡದು ಕೊಟ್ಟರೆ ಒಂದು ದಿನದಲ್ಲಿ ಮುಗಿಯದು. ಇಬ್ಬರಿಗೊಂದು ಉಳಿ ಸೆಟ್ಟು, ಅದರಲ್ಲಿ ಸಣ್ಣ ವಿ, ಸಣ್ಣ ಯು, ಅಗಲ ಯು ಇದ್ದರಾಯಿತು. ಐದಾರು ರಬ್ಬರ್ ರೋಲರ್, ಅಷ್ಟೇ ಗಾಜಿನ ತುಂಡು (ಅಂಚನ್ನು ಟೇಪಿನಿಂದ ಮುಚ್ಚಿ), ಮರದ ಚಮಚ ಹತ್ತು. ಇಂಕು ಎಣ್ಣೆ ಆಧಾರದ ಕಪ್ಪು. ಮಗುವಿಗೆ ನಾಲ್ಕು ಪ್ರತಿಯಂತೆ 120 ಪ್ರತಿಗೆ, ಪೋಲಾಗುವುದೂ ಸೇರಿ, 250 ಗ್ರಾಂ ಬೇಕಾದೀತು. ಲಿನೊ ಇಂಕು ಸಿಗದಿದ್ದರೆ ಆಫ್‌ಸೆಟ್ ಪ್ರೆಸ್ಸಿನವರ ಕಪ್ಪು ಇಂಕು ನಡೆಯುತ್ತದೆ, ಆದರೆ ಅದು ಹೆಚ್ಚು ಸಡಿಲ ಮತ್ತು ಅಂಟು. ಚೂರು ಮೆಗ್ನೀಸಿಯಂ ಕಾರ್ಬನೇಟ್ ಪುಡಿ ಕಲಸಿ ಬಿಗಿ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಬಡಗಿಯಿಂದ ಅಡ್ಡಹಲಗೆಗಳನ್ನು ಮಾಡಿಸಿ. 25×30 ಸೆಂ.ಮೀ. ಪ್ಲೈವುಡ್, ನಮ್ಮ ಕಡೆಯ ಅಂಚಿನ ಅಡಿಗೆ ಒಂದು ರಿಪೀಸು ಪಟ್ಟಿ, ಆಚೆ ಅಂಚಿನ ಮೇಲೆ ಇನ್ನೊಂದು. ಕೆಳಗಿನದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ಲಿನೊ ಒತ್ತಿ ನಿಲ್ಲುತ್ತದೆ. ಲಿನೊ ಕೆತ್ತುವಾಗ ಆಗುವ ಗಾಯ ಹೆಚ್ಚಾಗಿ ಎಡಗೈಯದೇ, ಹಾಳೆಯನ್ನು ಉಳಿಯ ಮುಂದೆ ಹಿಡಿದುಕೊಳ್ಳುವುದರಿಂದ. ಎರಡೂ ಕೈ ಉಳಿಯ ಹಿಂದೆ ಇರಬೇಕು, ಇದಕ್ಕೆ ರಿಯಾಯಿತಿ ಇಲ್ಲ. ಮೊಂಡು ಉಳಿ ಹರಿತ ಉಳಿಗಿಂತ ಅಪಾಯ. ಬಲ ಹಾಕಿದಾಗ ಜಾರುತ್ತದೆ. ಗಂಟೆಗೊಮ್ಮೆ ಪಾಲಿಶ್ ಹಚ್ಚಿದ ಹಳೆಯ ಚರ್ಮದ ಬೆಲ್ಟಿನ ಮೇಲೆ ಉಜ್ಜಿಸಿ.

ಚಿತ್ರವನ್ನು ಟ್ರೇಸಿಂಗ್ ಕಾಗದದ ಮೇಲೆ 6ಬಿ ಪೆನ್ಸಿಲ್ಲಿನಲ್ಲಿ ಬರೆದು, ಮಗುಚಿ ಲಿನೊ ಮೇಲಿಟ್ಟು ಉಜ್ಜಿದರೆ ತಿರುಗಾಮುರುಗಾ ಚಿತ್ರ ಇಳಿಯುತ್ತದೆ. ಅಚ್ಚಿನಲ್ಲಿ ನೆಟ್ಟಗೆ ಬರುತ್ತದೆ. ಉಳಿಯಬೇಕಾದ ಜಾಗವನ್ನೆಲ್ಲ ಮಾರ್ಕರಿನಿಂದ ಕಪ್ಪು ತುಂಬಿಸಿ. ಈ ಹೆಜ್ಜೆ ಬಿಟ್ಟರೆ ಊಟದ ಹೊತ್ತಿಗೆ ಅರ್ಧ ತರಗತಿ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲಕ್ಕೆ ಬಿದ್ದಿರುತ್ತದೆ. ಕೆತ್ತನೆಯ ಆಳ 1ರಿಂದ 1.5 ಮಿ.ಮೀ. ಸೆಣಬು ಕಂಡರೆ ಅತಿಯಾಯಿತು. ಉಳಿಯುವ ಗೆರೆಯ ಎರಡೂ ಬದಿ ಹೊರಕ್ಕೆ ಇಳಿಜಾರಾಗಿರಲಿ, ಬುಡ ಅಗಲ, ನೆತ್ತಿ ಕಿರಿದು. ಉಳಿಯನ್ನು ಒಳಕ್ಕೆ ವಾಲಿಸಿ ಗೆರೆಯ ಬುಡವನ್ನೇ ಕೊರೆದರೆ ಮೂರನೇ ಪ್ರತಿಗೆ ಗೆರೆ ಉದುರುತ್ತದೆ. ಸುತ್ತು ಗೆರೆ ಬಂದಾಗ ಉಳಿ ತಿರುಗಿಸಬಾರದು, ಹಾಳೆಯನ್ನು ತಿರುಗಿಸಬೇಕು.

ಕನ್ನಡ ಅಕ್ಷರಕ್ಕೆ ಬಂದರೆ, ಲಿನೊದಲ್ಲಿ ಅಕ್ಷರ 3 ಸೆಂ.ಮೀ.ಗಿಂತ ಸಣ್ಣದು ಬೇಡ. ನಮ್ಮ ಲಿಪಿಯ ಹೊಟ್ಟೆಗಳು ಕಿರಿದು, ಇಂಕು ಮೊದಲು ತುಂಬಿಕೊಳ್ಳುವುದೇ ಅಲ್ಲಿ. ಒತ್ತಕ್ಷರ ಇನ್ನೂ ಸಣ್ಣದಾಗಿ ಕೂರುವುದರಿಂದ ‘ಸ್ವಾತಂತ್ರ್ಯ’ದಂಥ ಪದ ಕೆತ್ತಲು ಹೋದವರು ಕೊನೆಯ ಅಕ್ಷರದಲ್ಲಿ ಸೋಲುತ್ತಾರೆ. ‘ನಮ್ಮ ನೆಲ’ದಂಥ ಮಾತು ಆರಿಸಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕೆತ್ತುವುದು ಅರ್ಧ ಶ್ರಮ. ಉಳಿಯಿಂದ ಬರೆದಂತೆಯೇ ಅದು. ಮುವಾಫಂಗೇಜೊ ಚಿತ್ರಗಳಲ್ಲಿ ಬಿಳಿ ಅಕ್ಷರ ಅಷ್ಟು ಸಲೀಸಾಗಿ ಓಡುವ ಗುಟ್ಟು ಇದೇ.

ಅಚ್ಚು ತೆಗೆಯುವಾಗ ಗಾಜಿನ ಮೇಲೆ ಅರ್ಧ ಟೀ ಚಮಚ ಇಂಕು ಹಾಕಿ ರೋಲರಿನಿಂದ ತೆಳ್ಳಗೆ ಹರಡಿ. ಸಣ್ಣ ಚರಚರ ಸದ್ದು ಬಂದರೆ ಹದ. ಪಚಪಚ ಎಂದರೆ ಹೆಚ್ಚಾಗಿದೆ, ಕಡಿಮೆ ಮಾಡಿ. ಲಿನೊ ಮೇಲೆ ಒಂದೇ ಸಲ ದಪ್ಪಗೆ ಹಚ್ಚದೆ ನಾಲ್ಕೈದು ಬಾರಿ ತೆಳುವಾಗಿ, ಉದ್ದಕ್ಕೂ ಅಡ್ಡಕ್ಕೂ. ಕೈಯಿಂದ ಉಜ್ಜಿ ತೆಗೆಯಲು ತೆಳು ಕಾಗದವೇ ಬೇಕು, 80ರಿಂದ 100 ಜಿಎಸ್‌ಎಂ ಒಳಗೆ. ದಪ್ಪ ಡ್ರಾಯಿಂಗ್ ಶೀಟು ತಂದರೆ ಮಕ್ಕಳ ತೋಳು ಸೋಲುತ್ತದೆ, ಪ್ರತಿ ಬಿಳಚಿಕೊಳ್ಳುತ್ತದೆ. ಕಾಗದ ಇಟ್ಟ ಮೇಲೆ ಮೊದಲು ಅಂಗೈಯಿಂದ ನಡುವಿನಿಂದ ಹೊರಕ್ಕೆ ಒತ್ತಿ ಕೂರಿಸಿ, ಆಮೇಲೆ ಚಮಚದ ಬೆನ್ನಿನಿಂದ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಸಾಲದಿದ್ದರೆ ಮತ್ತೆ ಉಜ್ಜಿ. ಮೊದಲ ಎರಡು ಪ್ರತಿ ಯಾವಾಗಲೂ ಸಪ್ಪೆ, ಲಿನೊ ಇಂಕು ಕುಡಿಯುತ್ತಿರುತ್ತದೆ. ಆಮೇಲೂ ಬಿಳಿ ಚುಕ್ಕೆ ಚುಕ್ಕೆಯಾಗಿ ಬಂದರೆ ಇಂಕು ಅಥವಾ ಒತ್ತಡ ಸಾಲದು. ಸಣ್ಣ ಗೆರೆಗಳು ಮುಚ್ಚಿಕೊಂಡರೆ ಇಂಕು ಹೆಚ್ಚು. ಅಂಚು ಎರಡೆರಡಾಗಿ ಕಂಡರೆ ಉಜ್ಜುವಾಗ ಕಾಗದ ಸರಿದಿದೆ. ತೆಗೆದ ಜಾಗದಲ್ಲಿ ಉಳಿಯ ಏಣುಗಳು ಅಲ್ಲಲ್ಲಿ ಅಚ್ಚಾಗುತ್ತವೆ. ಅವನ್ನೆಲ್ಲ ಕೆರೆದು ತೆಗೆಯುವ ಹಟ ಬೇಡ. ಆಕಾಶಕ್ಕೂ ಹೊಲಕ್ಕೂ ಅವು ಚಲನೆ ಕೊಡುತ್ತವೆ. ಮುಖದ ಸುತ್ತ ಮಾತ್ರ ಶುಚಿ ಮಾಡಿಸಿ.

ಹೀಗೆ ಒಂದು ಪ್ರತಿಗೆ ಐದರಿಂದ ಎಂಟು ನಿಮಿಷ ಹಿಡಿಯುತ್ತದೆ. ಇನ್ನೂರು ಪ್ರತಿ ಬೇಕಾದವರು ಸ್ಕ್ರೀನಿಗೆ ಯಾಕೆ ಹೋದರು ಎನ್ನುವುದು ಮಕ್ಕಳಿಗೆ ಮೊದಲ ದಿನದ ಸಂಜೆಯೇ ಗೊತ್ತಾಗಿರುತ್ತದೆ.

ಎರಡನೇ ದಿನಕ್ಕೆ ಮೂರು ಮರದ ಫ್ರೇಮು, ಒಳ ಅಳತೆ 35×50 ಸೆಂ.ಮೀ. ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರೇ ಮೆಶ್ (ಬಲೆಬಟ್ಟೆ) ಬಿಗಿದು ಕೊಡುತ್ತಾರೆ. ಕಾಗದದ ಪೋಸ್ಟರಿಗೆ 77ರ ಮೆಶ್ ಎನ್ನಿ, ಅಂದರೆ ಸೆಂ.ಮೀ.ಗೆ 77 ಎಳೆ. ಬಟ್ಟೆ ಬ್ಯಾನರಿಗಾದರೆ 43. ಬೆರಳಿನಿಂದ ಮೀಟಿದರೆ ಸದ್ದು ಬರುವಷ್ಟು ಬಿಗಿ ಇರಬೇಕು. ಸಡಿಲ ಮೆಶ್‌ನಲ್ಲಿ ಯಾವ ಕೈಚಳಕವೂ ನಡೆಯುವುದಿಲ್ಲ. ಫ್ರೇಮನ್ನು ಹಲಗೆಗೆ ಬಾಗಿಲ ತಿರುಗಣಿಯಿಂದ ಕೂಡಿಸಿ, ನಾಲ್ಕೂ ಮೂಲೆಗೆ 2–3 ಮಿ.ಮೀ. ದಪ್ಪದ ರಟ್ಟು ಅಂಟಿಸಿ. ಎಳೆದ ತಕ್ಷಣ ಮೆಶ್ ಕಾಗದದಿಂದ ತಾನೇ ಮೇಲೇಳಲು ಈ ಅಂತರ ಬೇಕು. ಇಲ್ಲದಿದ್ದರೆ ಕಾಗದ ಅಂಟಿಕೊಂಡು ಅಂಚು ಹರಡುತ್ತದೆ.

ಸ್ಟೆನ್ಸಿಲ್ಲಿಗೆ ಬಟರ್ ಪೇಪರ್. ನ್ಯೂಸ್‌ಪ್ರಿಂಟ್ ಕಾಗದವೂ ನಡೆಯುತ್ತದೆ, ಆದರೆ ನೀರಿನ ಇಂಕಿಗೆ ಬೇಗ ಸುಕ್ಕಾಗುತ್ತದೆ. ಆಕಾರ ಕತ್ತರಿಸಿ, ಕಾಗದದ ಮೇಲಿಟ್ಟು, ಸ್ಕ್ರೀನ್ ಇಳಿಸಿ ಒಮ್ಮೆ ಎಳೆದರೆ ಇಂಕಿನ ಅಂಟಿಗೇ ಅದು ಮೆಶ್‌ಗೆ ಹಿಡಿದುಕೊಳ್ಳುತ್ತದೆ. ಇಲ್ಲಿ ಅಕ್ಷರದ ತೊಂದರೆ ಬೇರೆ ರೀತಿಯದು. ‘ರ’, ‘ಠ’ ಕತ್ತರಿಸಿದರೆ ಒಳಗಿನ ವೃತ್ತ ಕಳಚಿ ಬೀಳುತ್ತದೆ. ಒಂದೋ 3 ಮಿ.ಮೀ. ಸೇತುವೆ ಬಿಡಬೇಕು, ಇಲ್ಲವೇ ಕಳಚಿದ ಚೂರನ್ನು ಮೊದಲ ಎಳೆತಕ್ಕೆ ಮುಂಚೆ ಜಾಗ ನೋಡಿ ಇಡಬೇಕು. ಇಂಕಿಗೆ ಅದೂ ಅಂಟುತ್ತದೆ.

ಫೋಟೊ ಅಥವಾ ಸಣ್ಣ ಬರಹ ಬೇಕೇ ಬೇಕು ಎಂದರೆ ಮೆಶ್‌ಗೆ ಎಮಲ್ಶನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಹಚ್ಚಿ, ಚಿತ್ರ ಮೇಲಿಟ್ಟು ಬಿಸಿಲಿಗೆ ಎಕ್ಸ್‌ಪೋಸ್ ಮಾಡಬಹುದು. ಫಿಲ್ಮ್ ಬೇಡ, ಕಡುಕಪ್ಪಾದ ಜೆರಾಕ್ಸ್ ಪ್ರತಿಗೆ ಅಡುಗೆ ಎಣ್ಣೆ ಸವರಿ ಒರೆಸಿದರೆ ಕಾಗದ ಪಾರದರ್ಶಕವಾಗುತ್ತದೆ. ಎಷ್ಟು ಹೊತ್ತು ಎನ್ನುವುದು ಬಿಸಿಲಿನ ಮೇಲೆ ಹೋಗುತ್ತದೆ, ಒಂದು ಪಟ್ಟಿಯ ಮೇಲೆ 30 ಸೆಕೆಂಡಿನ ಹಂತಗಳಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಆದರೆ ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ಡೈಕ್ರೋಮೇಟ್ ಬೆರೆಸುವ ಎಮಲ್ಶನ್ ಶಾಲೆಯೊಳಗೆ ತರಲೇಬೇಡಿ. ಅದರ ಕ್ರೋಮಿಯಂ ಚರ್ಮಕ್ಕೂ ಶ್ವಾಸಕೋಶಕ್ಕೂ ವಿಷ, ಕ್ಯಾನ್ಸರಿಗೂ ದಾರಿ. ಡಯಾಜೊ ಅಥವಾ ಫೋಟೊಪಾಲಿಮರ್ ಎಂದು ಕೇಳಿ. ಎರಡು ದಿನದ ಕಾರ್ಯಾಗಾರದಲ್ಲಿ ಇದಕ್ಕೆ ಕೈಹಾಕದಿರುವುದೇ ಮೇಲು.

ಸ್ಕ್ವೀಜಿಯನ್ನು (ಇಂಕು ಎಳೆಯುವ ರಬ್ಬರ್ ಅಲಗು) 60 ಡಿಗ್ರಿ ಓರೆಯಲ್ಲಿ ಹಿಡಿದು, ಎರಡೂ ಕೈಯಿಂದ ಒಂದೇ ಒತ್ತಡದಲ್ಲಿ ತಮ್ಮ ಕಡೆಗೆ ಒಂದೇ ಸಲ ಎಳೆಯಬೇಕು. ನಡುವೆ ನಿಂತರೆ ಅಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. ಎಳೆದ ಮೇಲೆ ಸ್ಕ್ರೀನ್ ಎತ್ತಿ, ಒತ್ತಡವಿಲ್ಲದೆ ಇಂಕನ್ನು ವಾಪಸು ತಳ್ಳಿ ಮೆಶ್ ತುಂಬಿಸಿಡಿ. ಇದನ್ನು ಮರೆತರೆ, ಅದರಲ್ಲೂ ಮಾರ್ಚ್–ಏಪ್ರಿಲಿನ ಸೆಕೆಯಲ್ಲಿ, ನೀರಿನ ಇಂಕು ಎರಡೇ ನಿಮಿಷದಲ್ಲಿ ಮೆಶ್‌ನ ಕಣ್ಣುಗಳಲ್ಲಿ ಒಣಗಿ ಕೂರುತ್ತದೆ, ಮುಂದಿನ ಪ್ರತಿಯಲ್ಲಿ ಅಲ್ಲಲ್ಲಿ ಬೋಳು. ಇಂಕು ಬೇಗ ಒಣಗದಂತೆ ಅದಕ್ಕೆ ರಿಟಾರ್ಡರ್ ಬೆರೆಸಿ, ಫ್ಯಾನ್ ಆರಿಸಿ. ಒಬ್ಬರು ಎಳೆಯಲು, ಒಬ್ಬರು ಕಾಗದ ಇಡಲು, ಇಬ್ಬರು ಒಯ್ದು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಲು. ಕಾಗದ ಇಡುವವರ ಕೈಗೆ ಇಂಕು ತಾಗಬಾರದು, ಬೆರಳಚ್ಚಿನ ಕಲೆ ಬರುವುದು ಅವರಿಂದಲೇ. ಕೈ ಕುದುರಿದ ಮೇಲೆ ಈ ನಾಲ್ವರು ಗಂಟೆಗೆ ನೂರು ಪ್ರತಿ ತೆಗೆಯುತ್ತಾರೆ. ಎರಡನೇ ಬಣ್ಣ ಬೇಕಿದ್ದರೆ ಹಲಗೆಯ ಮೇಲೆ ಮೂರು ಕಡೆ ರಟ್ಟಿನ ತುಂಡು ಅಂಟಿಸಿ ಕಾಗದಕ್ಕೆ ಗುರುತು ಮಾಡಿ. ಬಣ್ಣಗಳು 2 ಮಿ.ಮೀ. ಒಂದರ ಮೇಲೊಂದು ಹಾಯುವಂತೆ ಸ್ಟೆನ್ಸಿಲ್ ಕತ್ತರಿಸಿದರೆ ನಡುವೆ ಬಿಳಿ ಸಂದು ಕಾಣುವುದಿಲ್ಲ. ಬಣ್ಣದ ಕಾಗದದ ಮೇಲೆ ಒಂದೇ ಕಪ್ಪು ಎಳೆದರೂ ಎರಡು ಬಣ್ಣದ ಪೋಸ್ಟರ್ ಸಿಗುತ್ತದೆ.

ವಿಷಯದ ಬಗ್ಗೆ ಒಂದು ಮಾತು. ಮಕ್ಕಳು ದಕ್ಷಿಣ ಆಫ್ರಿಕಾದ ಪೋಸ್ಟರುಗಳನ್ನೇ ನಕಲು ಮಾಡುವುದರಲ್ಲಿ ಹುರುಳಿಲ್ಲ. ಅಲ್ಲಿನವರು ತಮ್ಮ ಬಡಾವಣೆಯ ಬಾಡಿಗೆ, ಬಸ್ಸು, ಶಾಲೆ ಕುರಿತು ಮಾಡಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ಪಡೆದರೂ ಮಾತಾಡಿದ್ದು ಇಲ್ಲಿನ ಜಾತಿಯ ಬಗ್ಗೆ. ನಿಮ್ಮ ಮಕ್ಕಳೂ ತಮ್ಮ ಊರಿನ ಬೋರ್‌ವೆಲ್, ಹೋಟೆಲಿನ ಲೋಟ, ಬೆಂಚಿನ ಸಾಲು ನೋಡಿ ಬರಲಿ. ಒಂದು ವಸ್ತು, ನಾಲ್ಕು ಪದ, ಅಷ್ಟೇ ಮಿತಿ ಹಾಕಿ.

ಅಂಟಿಸಲು ಮೈದಾ ಅಂಟು ಸಾಕು. ಒಂದು ಲೋಟ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನಾಲ್ಕು ಲೋಟ ಕುದಿಯುವ ನೀರಿಗೆ ಸುರಿದು, ರಾಗಿ ಅಂಬಲಿಯ ಹದಕ್ಕೆ ಬರುವವರೆಗೆ ತಿರುವಿ. ಪೋಸ್ಟರ್ ಅಂಟಿಸುವವರು ಹುಳ ಹಿಡಿಯದಿರಲಿ ಎಂದು ಮೈಲುತುತ್ತ ಹಾಕುವುದುಂಟು. ನೀವು ಹಾಕಬೇಡಿ, ಅದು ವಿಷ, ದನಗಳು ಪೋಸ್ಟರ್ ಕಿತ್ತು ತಿನ್ನುತ್ತವೆ. ಶಾಲೆಯ ಸ್ವಂತ ಗೋಡೆಗೋ ರಟ್ಟಿಗೋ ಅಂಟಿಸಿ. ಸಾರ್ವಜನಿಕ ಗೋಡೆಗೆ ಅನುಮತಿಯಿಲ್ಲದೆ ಅಂಟಿಸುವುದು ತೆರೆದ ಸ್ಥಳಗಳ ವಿರೂಪ ತಡೆಯುವ ಕರ್ನಾಟಕದ 1981ರ ಕಾಯ್ದೆಯಡಿ ಅಪರಾಧ.

ತೊಳೆಯುವ ಕೆಲಸಕ್ಕೆ ಕೊನೆಯ ಒಂದು ಗಂಟೆ ಮೀಸಲಿಡಿ. ಸ್ಕ್ರೀನನ್ನು ಇಂಕು ಹಸಿ ಇರುವಾಗಲೇ ತಣ್ಣೀರಿನ ಪೈಪಿನಡಿ ಎರಡೂ ಬದಿ ತೊಳೆಯಿರಿ, ಒಣಗಿದರೆ ಆ ಮೆಶ್ ಹೋದಂತೆ. ಲಿನೊ, ರೋಲರ್, ಗಾಜಿಗೆ ಮೊದಲು ಅಡುಗೆ ಎಣ್ಣೆ ಸವರಿ ಹಳೆ ಬಟ್ಟೆಯಿಂದ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ಬಟ್ಟೆ. ಲಿನೊವನ್ನು ನೀರಿನಲ್ಲಿ ನೆನೆಹಾಕಬಾರದು, ಸೆಣಬು ನೀರು ಕುಡಿದು ಹಾಳೆ ಡೊಂಕಾಗುತ್ತದೆ. ಕಾಸ್ಟಿಕ್ ಸೋಡಾ ಹತ್ತಿರವೂ ಬೇಡ, ಅದು ಲಿನೊವನ್ನೇ ಕರಗಿಸುತ್ತದೆ. ಒರೆಸಿದ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹರಡಿ ಒಣಗಿಸಿ. ಅಗಸೆ ಎಣ್ಣೆಯ ಇಂಕು ಹತ್ತಿದ ಬಟ್ಟೆಯ ರಾಶಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಲಿನೊ ಪ್ರತಿಗಳು ಒಣಗಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಒಂದರ ಮೇಲೊಂದು ಪೇರಿಸಬೇಡಿ.